ಬೆಳ್ಳಿ ಮನೆಗೆ ಬೀಗ

ಮಾವನವರಿಗೆ ಗಿರಿಜೆಯ ಶರಣು.

ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ಕೇಳಿದರೂ ತಿಳಿಯುವ ದಾರಿಯಿಲ್ಲ. ನಮ್ಮ ಕಡೆಯ ಸಮಾಚಾರವನ್ನಾದರೂ ಹೇಳೋಣ ಎಂದು ಕೂತಿದ್ದೇನೆ. ಎಲ್ಲಿ ಕೂತಿದ್ದೇನೆ ಎನ್ನುವುದನ್ನು ಮಾತ್ರ ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನೀವು ಮುಂದಕ್ಕೆ ಓದುವುದಿಲ್ಲ. 'ಹಾಗಾದ್ರೆ ಮನೇಲಿ ಯಾರಿದಾರೆ?' ಎಂದು ಕೇಳುತ್ತ ಚಪ್ಪಲಿ ಹುಡುಕಲು ಏಳುತ್ತೀರಿ. ನಿಮ್ಮನ್ನು ನಾನು ಕಾಣದವಳೇ?

ಮದುವೆಯಾಗಿ ಅರಸೀಕೆರೆಗೆ ಬಂದ ಮಾರನೆಯ ಬೆಳಗ್ಗೆ ನೀವು ನನ್ನನ್ನು ನಡುಮನೆಗೆ ಕರೆದಿರಿ. ದೇವರಿಗೆ ಕೈಮುಗಿಸಲು ಇರಬೇಕು ಎಂದುಕೊಂಡು ಸೆರಗು ಹೊದ್ದು ಬಂದರೆ, ನೀವು ನಿಲ್ಲಿಸಿದ್ದು ಗಾಜಿನ ಬೀರುವಿನ ಮುಂದೆ. ಬೀಗ ತೆಗೆದು ಒಂದು ಟೀ ಪಾಟನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟಿರಿ. ನಾನು ಮಾದಿಹಳ್ಳಿಯ ಗದ್ದೆ ಮನೆಯ ಹುಡುಗಿ. ನಮ್ಮಲ್ಲಿ ಬೆಳ್ಳಿ ಎಂದರೆ ಲಿಂಗದ ಕರಡಿಗೆ, ಕಾಲುಂಗುರ, ಮುಗಿಯಿತು. ಇಲ್ಲಿ ನೋಡಿದರೆ ತಟ್ಟೆ, ಹಾಲಿನ ಜಗ್ಗು, ಸಕ್ಕರೆ ಎತ್ತುವ ಪುಟ್ಟ ಚಿಮಟ, ಸಾಲುಸಾಲು ಚಮಚ, ಮುಳ್ಳುಚಮಚ, ಚಾಕು. ಇಂಗ್ಲಿಷರು ಊಟದ ಮೇಜಿನ ಮೇಲೆ ಇಡುತ್ತಿದ್ದ ಸಾಮಾನು ಎಂದಿರಿ. ಮೊದಲನೇ ಮಹಾಯುದ್ಧ ಮುಗಿದು ಎರಡನೆಯದು ಶುರುವಾಗುವ ನಡುವೆ ಅವರ ದೇಶದಲ್ಲಿ ಮಾಡಿದ್ದು, ಬೇಲೂರಿನಾಚೆಯ ಕಾಫಿ ತೋಟದ ಬಂಗಲೆಗಳಿಗೆ ಹಡಗಿನಲ್ಲಿ ಬಂದದ್ದು. "ಅದಕ್ಕೆ ಹಿಂದಿನದ್ರಲ್ಲಿ ಹೂವು ಬಳ್ಳಿ ಅತಿ ಆಯ್ತು ಕಣಮ್ಮ. ಆಮೇಲಿನದ್ರಲ್ಲಿ ಜೀವ ಇಲ್ಲ. ಈ ಮಧ್ಯದ್ದೇ ಸರಿ" ಎಂದಿರಿ. ಆ ಟೀ ಪಾಟಿನ ಮೈಯಲ್ಲಿ ಒಂದು ಹೂವೂ ಇರಲಿಲ್ಲ. ಬರೀ ನೆಟ್ಟನೆಯ ಅಂಚುಗಳು, ಮೂತಿಯ ಹತ್ತಿರ ಒಂದೇ ಒಂದು ತಿರುವು. ಚೆನ್ನಾಗಿದೆ ಎಂದೆ. ಮಾತಿಗೆ ಹೇಳಿದ್ದಲ್ಲ, ನಿಜವಾಗಿ ಚೆನ್ನಾಗಿತ್ತು. ನಿಮ್ಮ ಮುಖ ಅರಳಿದ್ದು ಇನ್ನೂ ಕಣ್ಣಲ್ಲಿದೆ, ಆ ಮನೆಯಲ್ಲಿ ಅದುವರೆಗೆ ಹಾಗೆಂದು ಯಾರೂ ಹೇಳಿರಲಿಲ್ಲವಂತೆ.

ಅದೇ ದಿನ ಮಧ್ಯಾಹ್ನ ಇನ್ನೊಂದು ಪಾಠವೂ ಆಯಿತು. ನಿಮ್ಮ ಮಗ ಸಂಜೆ ನನ್ನನ್ನು ಮಾಲೇಕಲ್ಲು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರು. ಅತ್ತೆ ಯಾರದೋ ಮನೆಯ ತೊಟ್ಟಿಲಿಗೆ ಹೊರಟಿದ್ದರು, ನೀವು ಕೊಬ್ಬರಿ ಮಂಡಿಯಲ್ಲಿದ್ದಿರಿ. ಅತ್ತೆ ಹೊಸ್ತಿಲ ಮೇಲೆ ನಿಂತು, "ಬೆಳ್ಳಿ ಇರೋ ಮನೆ. ಬೀಗ ಹಾಕ್ಕೊಂಡು ಹೋಗೋ ಹಾಗಿಲ್ಲ. ಯಾರಾದ್ರೂ ಒಬ್ರು ಇರ್ಲೇಬೇಕು" ಎಂದರು. ಆ ಒಬ್ಬರು ನಾನಾದೆ. ಬೆಟ್ಟ ಎಲ್ಲಿಗೆ ಹೋಗುತ್ತದೆ, ನಾಳೆ ಹತ್ತೋಣ ಎಂದು ನಿಮ್ಮ ಮಗ ಸಮಾಧಾನ ಹೇಳಿದರು. ಆ ನಾಳೆ…

ಹಳೇಬೀಡಿಗೆ ನೀವು ನನ್ನನ್ನು ಕರೆದುಕೊಂಡು ಹೋದ ದಿನವನ್ನು ಮಾತ್ರ ನಿಮ್ಮ ಲೆಕ್ಕಕ್ಕೆ ಜಮಾ ಮಾಡಲೇಬೇಕು. ಅತ್ತೆ ಕಾವಲಿಗಿದ್ದರು. ದೇವಸ್ಥಾನದ ಹೊರಗೋಡೆಯ ಒಂದು ಮೂರ್ತಿಯ ಮುಂದೆ ನಿಂತು, ಅವಳ ಕೊರಳ ಹಾರದ ಮಣಿಗಳನ್ನು ತೋರಿಸಿದಿರಿ. ಆಮೇಲೆ ಜುಬ್ಬದ ಜೇಬಿನಿಂದ ಒಂದು ಟೀ ಚಮಚ ತೆಗೆದು ಅದರ ಹಿಡಿಯ ಅಂಚನ್ನು ಆ ಹಾರದ ಪಕ್ಕಕ್ಕೆ ಹಿಡಿದಿರಿ. ಅಲ್ಲಿ ಕಲ್ಲಿನಲ್ಲಿ, ಇಲ್ಲಿ ಲೋಹದಲ್ಲಿ, ಎರಡೂ ಕಡೆ ಕೈ ನಡುಗದ ಒಬ್ಬ ಮನುಷ್ಯ ಕೂತಿದ್ದಾನೆ ನೋಡು ಎಂದಿರಿ. ಶಾಲೆಯ ಮಕ್ಕಳ ಗುಂಪೊಂದು ನಿಮ್ಮನ್ನು ನೋಡಿ ನಕ್ಕಿತು. ನನಗೂ ನಗು ಬಂತು, ಆದರೆ ಆವತ್ತಿನಿಂದ ನಾನು ನಿಮ್ಮ ಪಕ್ಷ ಸೇರಿದೆ. ನನ್ನಪ್ಪನಿಗೂ ನನ್ನ ಜೊತೆ ಹಾಗೆ ನಿಂತು ಒಂದು ವಸ್ತುವನ್ನು ನೋಡುವಷ್ಟು ಪುರುಸೊತ್ತು ಇರಲಿಲ್ಲ.

ಅತ್ತೆ ಚಾಕುಗಳನ್ನು ಶುದ್ಧಿ ಮಾಡಿದ ಬೆಳಗ್ಗೆ ನಾವಿಬ್ಬರೂ ಹಿತ್ತಲಲ್ಲಿ ಕಲ್ಲಾಗಿ ನಿಂತದ್ದು ನೆನಪಿದೆಯೇ? ಬೇಲೂರಿನ ಖಾದರ್ ಸಾಬರ ಅಂಗಡಿಯಿಂದ ಹೊಸದಾಗಿ ಒಂದು ಪೆಟ್ಟಿಗೆ ಬಂದಿತ್ತು. ಬಂಗಲೆ ಕೈಬದಲಾದಾಗಲೆಲ್ಲ ಅಲ್ಲಿನ ಹಳೇ ಸಾಮಾನು ಸಾಬರ ಅಂಗಡಿಗೆ ಬರುತ್ತಿತ್ತು, ಸಾಬರು ನಿಮಗೆ ಹೇಳಿಕಳಿಸುತ್ತಿದ್ದರು. ದೊರೆಗಳು ಮಾಂಸ ಕೊಯ್ದ ಚಾಕು ಹಾಗೇ ನಡುಮನೆಗೆ ಬರಕೂಡದು ಎಂದು ಅತ್ತೆಯ ಹಟ. ಹಂಡೆಯಲ್ಲಿ ನೀರು ಕುದಿಸಿ ಅಷ್ಟನ್ನೂ ಮುಳುಗಿಸಿದರು. ಆ ಚಾಕುಗಳ ಹಿಡಿ ಒಳಗೆ ಟೊಳ್ಳು, ಅರಗು ತುಂಬಿ ಅದರಲ್ಲಿ ಅಲಗನ್ನು ಕೂರಿಸಿರುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಒಂದೊಂದೇ ಹಿಡಿ ಬಿರಿದು, ಅರಗು ಕರಗಿ, ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಅಲಗುಗಳೆಲ್ಲ ಹಂಡೆಯ ತಳ ಸೇರಿದವು. ಅತ್ತೆ ಇಣುಕಿ ನೋಡಿ, ಎಷ್ಟು ವರ್ಷದ ಕೊಳೆ ಹೋಯ್ತು ನೋಡಿ ಎಂದರು. ನೀವು ಪಂಚೆ ಎತ್ತಿ ಕಟ್ಟಿ ಮಂಡಿಗೆ ಹೊರಟುಹೋದಿರಿ. ಆ ದಿನ ನೀವು ಊಟಕ್ಕೂ ಬರಲಿಲ್ಲ.

ಸಂಕ್ರಾಂತಿಗೆ ಅತ್ತೆ ಕೊಬ್ಬರಿ ಮಿಠಾಯಿ ಕೊಯ್ಯಲು ಅಗಲ ಬಾಯಿಯ ಇನ್ನೊಂದು ಬಗೆಯ ಚಾಕು ತೆಗೆದಾಗ ನೀವು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಿರಿ. ಒಂದೇ ತುಂಡಿನಲ್ಲಿ ಎರಕ ಹೊಯ್ದದ್ದಾದ್ದರಿಂದ ಆ ಬಗೆಯವು ಮಾತ್ರ ಹಂಡೆಯಿಂದ ಬದುಕಿ ಬಂದಿದ್ದವು. ಆಮೇಲೆ ಹಿತ್ತಲಿಗೆ ಕರೆದು, "ಅದು ಮೀನು ತಿನ್ನೋ ಚಾಕು ಕಣಮ್ಮ. ಮಿಠಾಯಿ ಚಾಕು ಅಂತ ನಾನೇ ಸುಳ್ಳು ಹೇಳಿದೀನಿ. ನಿಮ್ಮತ್ತೆಗೆ ಹೇಳ್ಬೇಡ" ಎಂದಿರಿ. ನಾನು ಹೇಳಲಿಲ್ಲ. ಲಿಂಗ ಕಟ್ಟಿದ ಮನೆಯಲ್ಲಿ ವರ್ಷಾವರ್ಷ ಮೀನಿನ ಚಾಕುವಿನಲ್ಲಿ ಕೊಯ್ದ ಮಿಠಾಯಿಯನ್ನು ಬೀದಿಗೆಲ್ಲ ಹಂಚಿದೆವು. ನಿಮ್ಮ ಗುಟ್ಟು ಒಂದೇ, ಅದು ನನಗೊಬ್ಬಳಿಗೇ ಗೊತ್ತು ಎಂದು ಒಳಗೊಳಗೇ ಬೀಗುತ್ತಿದ್ದೆ. ನನ್ನ ಪೆದ್ದುತನಕ್ಕೆ ಏನು ಹೇಳಲಿ?

ಅತ್ತೆ ಹೋದ ಮೇಲಿನ ಮೊದಲ ಸೋಮವಾರ, ವಿಭೂತಿ ಮತ್ತು ಹುಣಸೆಹಣ್ಣು ಮುಂದಿಟ್ಟುಕೊಂಡು ನಾನು ಬೀರುವಿನ ಮುಂದೆ ಕೂತೆ. ಪ್ರತಿ ಸೋಮವಾರ ಕರಡಿಗೆಯನ್ನು ತಿಕ್ಕುವ ಹಾಗೆ ಅವನ್ನೂ ತಿಕ್ಕುವುದು ಮನೆಯ ಪದ್ಧತಿ, ಆ ಪದ್ಧತಿ ತಂದವರು ನೀವೇ. ಜೊತೆಗೆ ಅತ್ತೆಯ ಕಾವಲೂ ನನ್ನ ಸೊಂಟಕ್ಕೆ ಬಂತು, ಬೀಗದ ಕೈ ಗೊಂಚಲಿನ ರೂಪದಲ್ಲಿ. ಮದುವೆ ಮನೆಗಳಿಗೆ ಒಬ್ಬರು ಚಪ್ಪರದ ದಿನ, ಒಬ್ಬರು ಧಾರೆಯ ದಿನ. ನೆಂಟರ ಮದುವೆಗಳ ಯಾವ ಗುಂಪು ಫೋಟೋದಲ್ಲೂ ನಾನೂ ನಿಮ್ಮ ಮಗನೂ ಒಟ್ಟಿಗಿಲ್ಲ. ನಮ್ಮ ಮಗಳ ಮದುವೆಯನ್ನು ಛತ್ರ ಬಿಟ್ಟು ಮನೆ ಮುಂದೆಯೇ ಚಪ್ಪರ ಹಾಕಿಸಿ ಮಾಡಿದಿರಿ. ಬ್ಯಾಂಕಿನ ಲಾಕರಿನ ಮಾತು ಎತ್ತಿದರೆ, ಟ್ರೇ ಹಿಡಿಯುವ ಲಾಕರು ಎಲ್ಲಿದೆ, ಗಾಳಿ ಬೆಳಕು ಕಾಣದಿದ್ದರೆ ಬೆಳ್ಳಿ ಕಪ್ಪಾಗುತ್ತದೆ ಎನ್ನುತ್ತಿದ್ದಿರಿ. ಗಾಳಿ ಬೆಳಕು ಬೆಳ್ಳಿಗೆ ಮಾತ್ರ ಬೇಕೇ ಎಂದು ಕೇಳಬೇಕಿತ್ತು. ಕೇಳಲಿಲ್ಲ, ನಿಮ್ಮ ಮೇಲೆ ಪ್ರೀತಿ ಇತ್ತು. ಆಟೋದವರು ನಮ್ಮ ಮನೆಯನ್ನು ಬೆಳ್ಳಿ ಮನೆ ಎಂದೇ ಕರೆಯುತ್ತಿದ್ದರು. ರೈಲು ಕೂಗಿದಾಗಲೆಲ್ಲ ಇಷ್ಟೊಂದು ಜನ ಎಲ್ಲೆಲ್ಲಿಗೆ ಹೋಗುತ್ತಾರಪ್ಪಾ ಎಂದುಕೊಂಡು, ನಾನು ಚಮಚ ತಿಕ್ಕುತ್ತಿದ್ದೆ.

ಕೊನೆಯ ದಿನಗಳಲ್ಲಿ ನೀವು ನನ್ನ ಕೈ ಹಿಡಿದು, "ಒಡೀಬೇಡಮ್ಮ. ಎಲ್ಲಾ ಒಟ್ಟಿಗೇ ಇರ್ಲಿ" ಎಂದಿರಿ. ಮಗನ ಕೈ ಹಿಡಿಯಲಿಲ್ಲ, ನನ್ನದನ್ನೇ ಹಿಡಿದಿರಿ. ಹ್ಞೂಂ ಎಂದೆ. ಸಾಯುವವರಿಗೆ ಊಹೂಂ ಅನ್ನುವುದು ಹೇಗೆ?

ಈ ವರ್ಷ ಮಾದಿಹಳ್ಳಿಯಲ್ಲಿ ನಮ್ಮಕ್ಕ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಂಗಳಕ್ಕ ನಿಮಗೆ ಗೊತ್ತು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು, ನನ್ನ ತಲೆ ಬಾಚಿದವಳು, ನನ್ನ ಮದುವೆಗೆ ತನ್ನ ಬಳೆ ಬಿಚ್ಚಿದವಳು. ಹಾಸನದಲ್ಲಿ ಆಪರೇಷನ್ ಆಗಿ ಮನೆಗೆ ಬಂದಳು. ಭಾವ ಇಲ್ಲ, ಮಗ ಹಾಲು, ಹಸು ಎಂದು ಹೊರಗೇ ಇರುತ್ತಾನೆ, ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಅವಳನ್ನು ಮಗ್ಗುಲಿಗೆ ಹೊರಳಿಸಿ ಮೈ ಒರೆಸಬೇಕಾದವರು ಯಾರು? ಫೋನಿನಲ್ಲಿ, "ನೀ ಬತ್ತೀಯೇನೇ ಗಿರಿಜಾ?" ಎಂದು ಕೇಳಿದಳು. ನಾನು ಹುಟ್ಟಿದಾರಭ್ಯ ಅವಳು ನನ್ನನ್ನು ಏನೂ ಕೇಳಿದವಳಲ್ಲ. ನಿಮ್ಮ ಮಗ ಮಂಡಿಗೆ ಹೋಗಲೇಬೇಕು, ಮನೆಗೆ ಬೀಗ ಹಾಕುವಂತಿಲ್ಲ. ನೋಡ್ತೀನಿ ಕಣಕ್ಕ ಎಂದೆ. ಬೆಳಗ್ಗೆ ಹೋಗಿ ಸಂಜೆಯೊಳಗೆ ಬಂದೆ, ಅದೂ ಒಂದು ದಿನ, ನಿಮ್ಮ ಮಗ ಮಂಡಿಯ ಬಾಗಿಲು ಮುಚ್ಚಿ ಮನೆಯಲ್ಲಿ ಕೂತದ್ದಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಯಾರು ಹೋದರು ಎಂದು ಕೇಳಿದಳು.

ಅದಾದ ಮೇಲೆಯೇ ನಾನು ಖಾದರ್ ಸಾಬರಿಗೆ ಹೇಳಿಕಳಿಸಿದ್ದು. ಒಡೆಯುವುದು ಬೇಡ, ಒಟ್ಟಿಗೇ ಯಾರಾದರೂ ಬೆಲೆ ಗೊತ್ತಿದ್ದವರ ಮನೆ ಸೇರಲಿ, ನಿಮ್ಮ ಮಾತೂ ಉಳಿಯುತ್ತದೆ ಎಂದುಕೊಂಡೆ. ಸಾಬರಿಗೆ ಈಗ ಮಂಡಿನೋವು, ಮಗನ ಕಾರಿನಲ್ಲಿ ಬಂದರು. ನಡುಮನೆಯಲ್ಲಿ ಜಮಖಾನ ಹಾಸಿ ಎಲ್ಲವನ್ನೂ ಇಟ್ಟೆ. ಭೂತಗನ್ನಡಿ ಹಿಡಿದು ಒಂದೊಂದರ ಬೆನ್ನನ್ನೂ ನೋಡುತ್ತ ಹೋದರು. ಅಪ್ಪಟ ಬೆಳ್ಳಿಯಾದರೆ ಬೆನ್ನಿನಲ್ಲಿ ನಡೆಯುವ ಸಿಂಹದ ಗುರುತು, ಪರೀಕ್ಷೆ ಮಾಡಿದ ಊರಿನ ಗುರುತು ಇರುತ್ತದಂತೆ. ಒಂದಷ್ಟನ್ನು ಬೇರೆ ತೆಗೆದಿಟ್ಟರು, ಮಿಕ್ಕದ್ದನ್ನೆಲ್ಲ ನನ್ನ ಕಡೆಗೇ ಸರಿಸಿದರು. "ಇದೆಲ್ಲಾ ಮೇಲೆ ಬೆಳ್ಳಿ ನೀರು, ಒಳಗೆ ಜರ್ಮನ್ ಸಿಲ್ವರ್ ಕಣಮ್ಮ" ಎಂದರು. ಇಂಗ್ಲಿಷರ ಬೆಳ್ಳಿಯ ಹೊಟ್ಟೆಯಲ್ಲಿ ಜರ್ಮನ್ ಸಿಲ್ವರ್! ಸಂತೆಯಲ್ಲಿ ಕುಂಕುಮದ ಬಟ್ಟಲು ಕೊಳ್ಳುತ್ತೇವಲ್ಲ, ಅದೇ. ಬೇರೆ ತೆಗೆದಿಟ್ಟದ್ದು ಯಾವುದು ಎಂದು ನೋಡಿದೆ. ನಿಮ್ಮ ಮೀನಿನ ಚಾಕುಗಳು. ನಮ್ಮ ಮನೆಯ ಅಪ್ಪಟ ಬೆಳ್ಳಿ ಎಂದರೆ ಅವಿಷ್ಟೇ, ಅವುಗಳ ಬೆನ್ನಿನ ಸಿಂಹವೂ ನಮ್ಮ ವಿಭೂತಿಯಲ್ಲಿ ಸವೆದು ಬೆಕ್ಕಿನ ನೆರಳಿನಷ್ಟು ಉಳಿದಿತ್ತು. ಗುರುತು ಹೋದದ್ದನ್ನು ಕೊಳ್ಳುವವರು ಕರಗಿಸಲು ಕೊಳ್ಳುತ್ತಾರೆ, ಆ ಪಾಪಕ್ಕೆ ನಾನು ಕೈಹಾಕಲ್ಲ ಎಂದರು ಸಾಬರು. ಮಿಕ್ಕದ್ದರ ಬೆಳ್ಳಿ ನೀರೂ ಸವೆದುಹೋಗಿದೆ, ಸಂಗ್ರಹಿಸುವವರು ಮುಟ್ಟುವುದಿಲ್ಲ. ಬೀರುವಿನಿಂದ ಹೊರಗೆ ಬಂದ ದಾರಿಯಲ್ಲೇ ಎಲ್ಲವೂ ಮತ್ತೆ ಬೀರುವಿಗೆ ಹೋದವು.

ಮಾವನವರಿಗೆ ಇದು ಗೊತ್ತಿರಲಿಲ್ಲವಲ್ಲ ಪಾಪ ಎಂದೆ. ಸಾಬರು ಕನ್ನಡಕ ತೆಗೆದರು. "ಯಜಮಾನ್ರಿಗೆ ಮೊದಲ್ನೇ ದಿನದಿಂದ ಗೊತ್ತು. ನಾನು ಒಂದೊಂದೂ ಹೇಳೇ ಕೊಡ್ತಿದ್ದೆ. ಬೆಳ್ಳಿ ಯಾರಿಗೆ ಬೇಕು ಸಾಬ್ರೆ, ಕೆಲ್ಸ ನೋಡಿ ಅಂತಿದ್ರು."

ಆಮೇಲೆ ಅವರು ಟೀ ಕುಡಿದದ್ದು, ಹೊರಟದ್ದು ಒಂದೂ ನನ್ನ ತಲೆಯೊಳಗೆ ಇಳಿಯಲಿಲ್ಲ. ಗೊತ್ತಿತ್ತೇ ಮಾವ? ಮೊದಲನೇ ದಿನದಿಂದ? ನಾನು ಮಾಲೇಕಲ್ಲಿಗೆ ಹೋಗದೆ ಉಳಿದ ಸಂಜೆ, ಅತ್ತೆ ಒಡಹುಟ್ಟಿದ ತಮ್ಮನ ಮಣ್ಣಿಗೆ ಹೋಗಿ ಊಟವನ್ನೂ ಮಾಡದೆ ಓಡಿ ಬಂದ ದಿನ, ನಾನು ತಾಯಿಯಂಥ ಅಕ್ಕನಿಗೆ ನೋಡ್ತೀನಿ ಎಂದ ದಿನ… ನಾವು ಕಾದದ್ದು ಏನನ್ನು? ಮೀನಿನ ಚಾಕುವಿನ ಗುಟ್ಟನ್ನು ನನಗೆ ಹೇಳಿ ನಕ್ಕಿರಲ್ಲ, ಇದನ್ನು ಹೇಳಲು ಏನಾಗಿತ್ತು? ಬೀರುವಿನ ಗಾಜಿಗೆ ತಲೆ ಒತ್ತಿಕೊಂಡು ನಿಂತೆ. ನಿಮ್ಮ ಮೇಲೆ ಅಷ್ಟು ಸಿಟ್ಟು ನಿಮ್ಮ ಜೀವಮಾನದಲ್ಲಿ ಒಂದು ದಿನವೂ ಬಂದಿರಲಿಲ್ಲ. ಬೈಯೋಣ ಎಂದರೆ ನೀವಿಲ್ಲ, ತೋಟದಲ್ಲಿ ಗದ್ದುಗೆಯಾಗಿ ಕೂತಿದ್ದೀರಿ. ಸಾಬರು ಬಾಗಿಲಲ್ಲಿ ಹೇಳಿದ ಇನ್ನೊಂದು ಮಾತು ಆಮೇಲೆ ನೆನಪಿಗೆ ಬಂತು. ನಮ್ಮನೆಯವ್ಳು ಊರಿಗೆಲ್ಲ ಬೆಳ್ಳಿ ಅಂತ ಹೇಳ್ಕೊಂಡುಬಿಟ್ಟಿದಾಳೆ, ಈಗ ಹೆಂಗೆ ಬಿಡಿಸ್ಲಿ ಎಂದು ನೀವು ಅವರ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಿರಂತೆ. ಹಾಗಾದರೆ ನಮ್ಮ ಹಾಗೆ ನೀವೂ ಒಳಗೇ ಇದ್ದಿರಿ. ಬೇಲೂರು ದಾಟಿ ನೀವು ಎಲ್ಲಿಗೂ ಹೋಗಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅಯ್ಯೋ ಅನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ನಿಮ್ಮ ಮಗ ಮಂಡಿಯಿಂದ ಬಂದ ಕೂಡಲೇ ಎಲ್ಲ ಹೇಳಿದೆ. ಇನ್ನು ಬೀಗ ಹಾಕಿಕೊಂಡು ಹೋಗಬಹುದು, ಮೀನಿನ ಚಾಕು ಬಿಟ್ಟರೆ ಕದಿಯುವಂಥದ್ದು ಏನೂ ಇಲ್ಲ ಎಂದೆ. ಅವರು ಕೈಕಾಲು ತೊಳೆದು, ಮುಖ ಒರೆಸಿಕೊಂಡು ಬಂದು ಕೂತರು. "ನಿಂಗೆ ಗೊತ್ತಾಯ್ತು, ನಂಗೆ ಗೊತ್ತಾಯ್ತು. ಕಳ್ಳಂಗೆ ಹೆಂಗೆ ಗೊತ್ತಾಗುತ್ತೆ ಗಿರಿಜಾ? ಊರಿಗೆ ಇದು ಬೆಳ್ಳಿ ಮನೇನೇ" ಎಂದರು. ಬೆಳ್ಳಿ ಇದ್ದಾಗ ಬೆಳ್ಳಿಯನ್ನು ಕಾದೆವು, ಇನ್ನು ಬೆಳ್ಳಿ ಎಂಬ ಹೆಸರನ್ನು ಕಾಯಬೇಕು. ಗೋಡೆಗಳು ಮತ್ತೂ ಹತ್ತಿರ ಬಂದ ಹಾಗಾಯಿತು. ಆ ವಾರವಿಡೀ ಅಕ್ಕನ ಫೋನು ಬಂದರೆ ಎತ್ತಲು ಕೈ ಬರುತ್ತಿರಲಿಲ್ಲ.

ಸೋಮವಾರ ವಿಭೂತಿ ಗಟ್ಟಿಯನ್ನು ಕೈಗೆ ತೆಗೆದುಕೊಂಡವಳು ಹಾಗೇ ಕೆಳಗಿಟ್ಟೆ. ಊರಿಗೆ ಗೊತ್ತಿಲ್ಲ ತಾನೇ? ಗೊತ್ತು ಮಾಡಿದರಾಯಿತು ಎನಿಸಿತು. ಹತ್ತಿರದಲ್ಲೇ ನಿಮ್ಮ ವರ್ಷದ ಸ್ಮರಣೆ ಇತ್ತು. ಬೀದಿಯವರು, ಮಂಡಿಯವರು, ತೋಟದಲ್ಲಿ ಕಾಯಿ ಸುಲಿಯುವವರು, ಆಟೋದವರು, ಎಲ್ಲರಿಗೂ ಹೇಳೋಣ, ಎಲ್ಲರಿಗೂ ಮಾವನವರ ಚಮಚದಲ್ಲೇ ಪಾಯಸ ಕೊಡೋಣ, ಚಮಚ ಅವರಿಗೇ ಎಂದೆ. ಅಪ್ಪ ಒಡೀಬೇಡ ಅಂದಿದ್ರಲ್ಲ ಎಂದು ನಿಮ್ಮ ಮಗ ಮೆಲ್ಲಗೆ ಕೇಳಿದರು. ಅಪ್ಪ ಹೇಳ್ಬೇಕಾದ್ದನ್ನೂ ಹೇಳ್ಲಿಲ್ಲವಲ್ಲ ಎಂದೆ. ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಬೀರು ಖಾಲಿ, ಎಲ್ಲವನ್ನೂ ಅವರೇ ಇಳಿಸಿ ಬುಟ್ಟಿಗಳಲ್ಲಿ ತುಂಬುತ್ತಿದ್ದರು.

ನಿಮ್ಮ ಸ್ಮರಣೆಯ ದಿನ ಎಲೆಗಳ ಪಕ್ಕ ಒಂದೊಂದು ಚಮಚ ಇಡುತ್ತ ನಾನೇ ಹೋದೆ. ಅಯ್ಯನವರ ಪಾದಪೂಜೆ ಮುಗಿದಿತ್ತು. ಎದುರು ಮನೆಯ ಅಜ್ಜಿ ಚಮಚವನ್ನು ಎರಡು ಬೆರಳಲ್ಲಿ ಎತ್ತಿ, ಇದು ದೊರೆಗಳು ಬಾಯಿಗಿಟ್ಟದ್ದಲ್ವೇ ಎಂದು ಕೇಳಿದರು. "ಇಷ್ಟು ವರ್ಷ ವಿಭೂತಿಯಲ್ಲಿ ತಿಕ್ಕಿದೀವಿ ಅಜ್ಜಿ. ಇದಕ್ಕಿಂತ ಮಡಿ ಇನ್ನೇನಿದೆ?" ಎಂದೆ. ಪಂಕ್ತಿ ನಕ್ಕಿತು, ನಗು ನಿಲ್ಲುವ ಮುಂಚೆಯೇ ನಾನು ಗಟ್ಟಿಯಾಗಿ ಹೇಳಿಬಿಟ್ಟೆ. ಇದು ಬೆಳ್ಳಿ ಅಲ್ಲ, ಜರ್ಮನ್ ಸಿಲ್ವರ್. ಮಾವನವರಿಗೆ ಇದರ ಕೆಲಸ ಇಷ್ಟವಾಗಿತ್ತು, ಅದಕ್ಕೆ ತಂದರು. ನಿಮ್ಮ ಮನೆಗೆ ತೆಗೆದುಕೊಂಡು ಹೋಗಿ, ಉಪ್ಪಿನಕಾಯಿಗೋ ಸಕ್ಕರೆಗೋ ಇಟ್ಟುಕೊಳ್ಳಿ. ಒಂದು ಗಳಿಗೆ ಎಲ್ಲರೂ ಚಮಚ ತಿರುಗಿಸಿ ನೋಡಿದರು. ಆಟೋದವನೊಬ್ಬ ತನ್ನದನ್ನು ಲೋಟದ ಅಂಚಿಗೆ ಬಡಿದು, ಆದ್ರೂ ಎಷ್ಟು ಚಂದಾಗೈತೆ ನೋಡಿ ಅಕ್ಕಾವ್ರೆ ಎಂದ. ನಿಮ್ಮ ಪಕ್ಷಕ್ಕೆ ಇನ್ನೊಬ್ಬ ಸಿಕ್ಕ ಎಂದುಕೊಂಡೆ. ನನ್ನ ಕಣ್ಣು ತುಂಬಿತು, ಬಡಿಸುವ ಸೌಟನ್ನು ಇನ್ನೊಬ್ಬರಿಗೆ ಕೊಟ್ಟು ಒಳಗೆ ಹೋದೆ. ಟೀ ಪಾಟು ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಮನೆಗೆ ಹೋಯಿತು. ದೊಡ್ಡ ಟ್ರೇಯನ್ನು ಎದುರು ಮನೆಯವರು ಆರತಿಗೆ ಇಟ್ಟುಕೊಂಡಿದ್ದಾರೆ.

ಸ್ಮರಣೆಗೆ ಬಂದಿದ್ದ ಖಾದರ್ ಸಾಬರು ಹೊರಡುವಾಗ ಮೀನಿನ ಚಾಕುಗಳ ಪೆಟ್ಟಿಗೆಯನ್ನು ಅವರ ಕೈಗಿಟ್ಟೆ. ಅಯ್ಯೋ, ಇದೊಂದೇ ನಿಜವಾದ ಬೆಳ್ಳಿ ಕಣಮ್ಮ ಎಂದು ಹಿಂದಕ್ಕೆ ಸರಿದರು. ನಿಮ್ಮ ಮನೆಯಲ್ಲಿ ಮೀನು ಮಾಡುತ್ತೀರಿ, ಪಾಪ ಅವೂ ಒಂದು ದಿನ ಹುಟ್ಟಿದ ಕೆಲಸ ಮಾಡಲಿ ಎಂದೆ. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಕಾರು ಹತ್ತಿದರು. ಮುಳ್ಳು ಬಿಡಿಸಲು ಬೆರಳಿಗಿಂತ ಒಳ್ಳೆಯದು ಯಾವುದೂ ಇಲ್ಲ, ಆದರೂ ಯಜಮಾನರ ಹೆಸರಿನಲ್ಲಿ ಚಾಕು ಹಿಡಿಯುತ್ತಿದ್ದೇವೆ ಎಂದು ಮೊನ್ನೆ ಫೋನು ಮಾಡಿ ಹೇಳಿದರು.

ಹೊರಡುವ ಬೆಳಗ್ಗೆ ಒಂದು ತಮಾಷೆಯಾಯಿತು. ಇಬ್ಬರೂ ಚೀಲ ಹಿಡಿದು ಹೊಸ್ತಿಲು ದಾಟಿದೆವು, ಬೀಗ ಹಾಕೋಣ ಎಂದರೆ ಬೀಗವೇ ಇಲ್ಲ! ಬೀರುವಿಗೆ ಬೀಗ, ಅಟ್ಟಕ್ಕೆ ಬೀಗ, ಪೆಟ್ಟಿಗೆಗೆ ಬೀಗ. ಮುಂಬಾಗಿಲಿಗೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಬೀಗ ಕೊಂಡಿರಲಿಲ್ಲ. ಹೊರಗಿನ ಚಿಲಕ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ನಿಮ್ಮ ಮಗ ಕೊಬ್ಬರಿ ಎಣ್ಣೆ ಬಿಟ್ಟು ಸುತ್ತಿಗೆಯಲ್ಲಿ ಬಡಿದು ಸಡಿಲ ಮಾಡಿದರು, ಪೇಟೆಗೆ ಹೋಗಿ ಹೊಸ ಬೀಗ ತಂದರು. ಹಾಕಿ, ಜಗ್ಗಿ ನೋಡಿದರು. ಬೀದಿಯ ಕೊನೆಗೆ ಹೋದ ಮೇಲೆ ವಾಪಸು ಬಂದು ಇನ್ನೊಮ್ಮೆ ಜಗ್ಗಿದರು. ಒಳಗೆ ಏನಿದೆ ಎಂದು ಕೇಳಿದೆ. ಏನೂ ಇಲ್ಲ, ಅಭ್ಯಾಸ ಎಂದರು.

ಈಗ ಹೇಳುತ್ತೇನೆ. ಮಾದಿಹಳ್ಳಿಯ ಅಕ್ಕನ ಮನೆಯ ಜಗುಲಿಯಲ್ಲಿ ಕೂತಿದ್ದೇನೆ. ಬಂದು ಒಂದು ತಿಂಗಳ ಮೇಲಾಯಿತು, ಅಕ್ಕ ಗೋಡೆ ಹಿಡಿದು ನಡೆಯುವವರೆಗೆ ಇಲ್ಲೇ. ನಿಮ್ಮ ಮಗ ಬೆಳಗ್ಗೆ ಮಂಡಿಯ ಬಾಗಿಲು ತೆಗೆಯುತ್ತಾರೆ, ಶನಿವಾರ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ, ಮನೆ ಎರಡು ದಿನ ಬೀಗ ಹಾಕಿಕೊಂಡೇ ಇರುತ್ತದೆ. ನಾನು ಪೂರ್ತಿ ಹೊರಗೆ ಬಂದಿದ್ದೇನೆ ಎಂದು ಹೇಳಲಾರೆ. ಗೇಟು ಸದ್ದಾದರೆ ಇನ್ನೂ ಕೈ ಸೊಂಟಕ್ಕೆ ಹೋಗುತ್ತದೆ, ಅಲ್ಲಿ ಗೊಂಚಲಿಲ್ಲ. ಮಾಲೇಕಲ್ಲು ಹತ್ತುವುದೂ ಬಾಕಿ ಇದೆ. ನಿಮ್ಮ ಮೇಲಿನ ಸಿಟ್ಟು ಇಳಿದ ದಿನ ಗದ್ದುಗೆಗೆ ಬಂದು ಹೂವು ಇಡುತ್ತೇನೆ. ಇಳಿಯುತ್ತಾ ಇದೆ, ಅವಸರ ಮಾಡಬೇಡಿ.

ಒಂದು ಚಮಚವನ್ನು ನಾನೂ ಇಟ್ಟುಕೊಂಡೆ. ಸೂಪು ಕುಡಿಯುವುದಕ್ಕೆಂದು ಮಾಡಿದ, ಗುಂಡು ಬಾಯಿಯ ದೊಡ್ಡ ಚಮಚ. ಅಕ್ಕನಿಗೆ ಎದ್ದು ಕೂತು ಉಣ್ಣುವುದು ಇನ್ನೂ ಕಷ್ಟ, ರಾಗಿ ಗಂಜಿಯನ್ನು ಅದರಲ್ಲೇ ಕುಡಿಸುತ್ತೇನೆ. ತುಟಿಗೆ ಎಲ್ಲೂ ಚುಚ್ಚುವುದಿಲ್ಲ, ಒಂದು ತೊಟ್ಟೂ ಸೋರುವುದಿಲ್ಲ. ಮಾಡಿದವನಿಗೆ ಬಾಯಿ ಎಂದರೇನು ಎಂದು ಗೊತ್ತಿತ್ತು ಮಾವ. "ಬಾಯ್ಗೆ ಎಷ್ಟು ಹಿತವಾಗೈತೆ ಕಣೇ" ಎಂದಳು ಅಕ್ಕ. ವಿಭೂತಿಯಲ್ಲಿ ತಿಕ್ಕಿಲ್ಲ. ಸೋಪಿನಲ್ಲಿ ತೊಳೆದು, ಲೋಟ ತಟ್ಟೆಗಳ ಜೊತೆ ಬುಟ್ಟಿಗೆ ಹಾಕಿ ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ. ಬೀದಿ ಬಾಗಿಲು ತೆರೆದಿದೆ. ಚಮಚವನ್ನು ಯಾರೂ ಕಾಯುತ್ತಿಲ್ಲ.